ಎರಡಿಂಚು ಕೆಂಪು ವೈರು

ಹಾಸನ

ಐರ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮ ಹಾಸನದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಮಗ ಅಲ್ಲಿದ್ದಾನಾ, ಮಗಳು ಅಲ್ಲಿದ್ದಾಳಾ? ನನಗೆ ಅಲ್ಲಿ ಯಾರೂ ಇಲ್ಲ. ಇರುವ ಒಬ್ಬಳು ಮಗಳು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಟೀಚರು. ನಾನು ಹೋಗಿದ್ದು ಗಿಟಾರು ರಿಪೇರಿಗೆ. ಹಾಗಂದ ಕೂಡಲೇ ಎದುರಿಗಿದ್ದವರು ನನ್ನ ಮುಖವನ್ನು ಇನ್ನೊಂದು ಸಲ ನೋಡಿ ಮಾತು ಬದಲಿಸುತ್ತಾರೆ. ಮೂವತ್ತೈದು ವರ್ಷದಿಂದ ರೇಡಿಯೊ, ಟೇಪ್ ರೆಕಾರ್ಡರು, ಆಂಪ್ಲಿಫೈಯರು ಬಿಚ್ಚಿ ಜೋಡಿಸಿಕೊಂಡು ಬಂದ ಪುಟ್ಟಸ್ವಾಮಿಗೆ ಒಂದು ಗಿಟಾರು ರಿಪೇರಿ ಮಾಡಲು ಬರಲಿಲ್ಲವಾ ಅನ್ನುವುದು ಅವರ ಹೊಟ್ಟೆಯೊಳಗಿನ ಮಾತು. ಬರಲಿಲ್ಲ. ಅದನ್ನೇ ಹೇಳಲು ಕೂತಿದ್ದೇನೆ.

ಗಿಟಾರು ನಮ್ಮಣ್ಣ ರಂಗೇಗೌಡನದು. ಅಣ್ಣ ಇರುವುದು ನಮ್ಮೂರು ಹೊಳೇನರಸೀಪುರದಲ್ಲೇ. ಇದು ಹೆಗಲಿಗೆ ತೂಗುಹಾಕಿಕೊಳ್ಳುವ ಗಿಟಾರಲ್ಲ. ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲುತ್ತದೆ. ಮೇಲೆ ಎರಡು ಕತ್ತು, ಒಂದೊಂದು ಕತ್ತಿಗೂ ಹತ್ತು ತಂತಿ, ಕೆಳಗೆ ಸಾಲಾಗಿ ಪೆಡಲು. ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಉಕ್ಕಿನ ದುಂಡನೆಯ ಸರಳನ್ನು ತಂತಿಯ ಮೇಲೆ ಜಾರಿಸುತ್ತ, ಬಲಗೈಯಲ್ಲಿ ಮೀಟುತ್ತ, ಕಾಲಿನಲ್ಲಿ ಪೆಡಲು ಒತ್ತಬೇಕು. ಹಾಸನದ ಫ್ಯಾಕ್ಟರಿಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ಐರ್ಲೆಂಡಿನ ಎಂಜಿನಿಯರೊಬ್ಬ, ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರು ನುಡಿಸುತ್ತಿದ್ದ ಅಣ್ಣನನ್ನು ಕೇಳಿ ಮೆಚ್ಚಿ, ಊರಿಗೆ ಹೋಗುವಾಗ ಇದನ್ನು ಕೊಟ್ಟುಹೋದ. ಅದಾದ ಮೇಲೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಛತ್ರಗಳಲ್ಲಿ ಅಣ್ಣನಿಗೆ ‘ಮೇಜಿನ ಗಿಟಾರು ರಂಗಣ್ಣ’ ಅಂತಲೇ ಹೆಸರಾಯಿತು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಕತ್ತಿನ ತಂತಿಗಳ ಕೆಳಗೂ ಒಂದೊಂದು ಪಿಕಪ್ಪು ಇರುತ್ತದೆ. ಅಯಸ್ಕಾಂತಕ್ಕೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೀಟಿದ ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದು ಅದರ ಕೆಲಸ. ಒಂದು ಕತ್ತು ನುಡಿಸುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡಿರಲಿ ಅಂತ ಮಧ್ಯೆ ಒಂದು ಸ್ವಿಚ್ಚು. ಮೂವತ್ತು ವರ್ಷದ ಹಿಂದೆ ಚನ್ನರಾಯಪಟ್ಟಣದಲ್ಲಿ ಒಂದು ಆರತಕ್ಷತೆಯ ದಿನ ಆ ಸ್ವಿಚ್ಚು ಕರಕರ ಅಂದು ಸತ್ತೇ ಹೋಯಿತು. ಗಂಡು ಹೆಣ್ಣು ವೇದಿಕೆಗೆ ಬಂದು ನಿಂತಿದ್ದಾರೆ. ಆಂಪ್ಲಿಫೈಯರು ನೋಡಿಕೊಳ್ಳಲು ಅಣ್ಣನ ಜೊತೆ ಹೋಗುತ್ತಿದ್ದ ನಾನು ಗಿಟಾರಿನ ಕೆಳಗೆ ತೂರಿ, ಸ್ವಿಚ್ಚನ್ನು ಕಿತ್ತೆಸೆದು, ಎರಡೂ ಪಿಕಪ್ಪಿನ ವೈರನ್ನು ಒಂದಕ್ಕೊಂದು ಹೆಣೆದು, ಗೋಲಿ ಗಾತ್ರದ ಬೆಸುಗೆ ಹಾಕಿ ಎದ್ದೆ. ಆ ಹೊತ್ತಿಗೆ ಸಾಕು ಅಂತ ಮಾಡಿದ್ದು.

ಅವತ್ತಿನಿಂದ ಅಣ್ಣ ಹತ್ತಿರದ ಕತ್ತು ಮೀಟಿದರೆ, ಯಾರೂ ಮುಟ್ಟದ ದೂರದ ಕತ್ತಿನ ತಂತಿಗಳೂ ಸಣ್ಣಗೆ ಮಿಡಿಯುವುದು ಸ್ಪೀಕರಿನಲ್ಲಿ ಕೇಳತೊಡಗಿತು. ಒಂದರ ಶಕ್ತಿಯನ್ನು ಇನ್ನೊಂದು ಹೀರುವುದರಿಂದ ದನಿ ಅರ್ಧಕ್ಕರ್ಧ ಇಳಿಯಿತು. ಅಣ್ಣ ಆಂಪ್ಲಿಫೈಯರು ಏರಿಸಿದ. ಏರಿಸಿದಷ್ಟೂ ಹಿಂದಿನ ಮಿಡಿತ ಜಾಸ್ತಿಯಾಯಿತು. ಮೊದಲು ಒಂದೆರಡು ದಿನ ಬೈದ. ಆಮೇಲೆ ದೂರದ ಕತ್ತಿನ ಹತ್ತೂ ತಂತಿಗಳನ್ನು ಷಡ್ಜ ಪಂಚಮಕ್ಕೆ ಸೇರಿಸಿ ತಂಬೂರಿ ಮಾಡಿಕೊಂಡುಬಿಟ್ಟ. ಹೊಸ ಸ್ವಿಚ್ಚು ತರುತ್ತೀನಿ ಅಂದರೆ ‘ಮುಟ್ಟಿದ್ರೆ ಕೈ ಕತ್ತರಿಸ್ತೀನಿ’ ಅಂದ. ರಂಗಣ್ಣನ ಗಿಟಾರಿನ ಹಿಂದೆ ಯಾರೋ ಅಳುತ್ತಾರೆ ಅಂತ ಜನ ಹೇಳುತ್ತಿದ್ದರು. ಯಾರು ಕೇಳಿದರೂ ಅಣ್ಣ ನನ್ನ ಕಡೆ ಕೈ ತೋರಿಸುತ್ತಿದ್ದ. ‘ನನ್ ತಮ್ಮನ್ ಬೆಸುಗೆ ಸಾ ಅದು. ಈ ಥರ ಯಾವ್ ಕಂಪ್ನಿಯೋರೂ ಆಕಿಲ್ಲ’ ಅನ್ನುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅದು ಹೊಲಸು ಬೆಸುಗೆ ಅನ್ನುವುದು ನನಗೆ ಗೊತ್ತಿತ್ತಲ್ಲ.

ಹೋದ ವರ್ಷ ಗಣೇಶನ ಪೆಂಡಾಲಿನಲ್ಲಿ ಮಳೆ ಸೋರಿ ಹತ್ತಿರದ ಕತ್ತಿನ ಪಿಕಪ್ಪಿಗೆ ನೀರು ಇಳಿಯಿತು. ಒಳಗಿನ ತಾಮ್ರ ಕಿಲುಬು ಹಿಡಿದು ಕಡಿದುಹೋಯಿತು, ಕತ್ತು ಮೂಕವಾಯಿತು. ನಾನು ಸುತ್ತಲು ಹೋಗಿ ಎರಡು ಸಲ ಕೆಡಿಸಿದೆ. ಬೆಂಗಳೂರಿನವರು ಹತ್ತು ತಂತಿಯದ್ದು ನಮ್ಮಿಂದಾಗಲ್ಲ ಅಂದರು. ಅಷ್ಟರಲ್ಲಿ ಅಣ್ಣನ ಕಿವಿ ಕೈಕೊಟ್ಟಿತು. ಬಲಗಿವಿ ಹೋಗಿ ವರ್ಷವಾಗಿತ್ತು. ಎಡಗಿವಿಯೂ ಇನ್ನೆರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ ಅಂದರು ಹಾಸನದ ಡಾಕ್ಟರು. ಆಸ್ಪತ್ರೆಯಿಂದ ಆಚೆ ಬಂದು ಎಳನೀರು ಕುಡಿಯುತ್ತ ನಿಂತಾಗ ಅಣ್ಣ ಅಂದ, ‘ಓಗದು ಓಯ್ತದೆ ಬುಡು. ಅಷ್ಟ್ರೊಳಗೆ ಒಂದ್ಸಲ ನನ್ ಗಿಟಾರು ಕೇಳ್ಬೇಕು ಕಣ್ಲಾ ಪುಟ್ಟ.’

ಗಿಟಾರಿನ ಪೆಟ್ಟಿಗೆಯೊಳಗೆ ಅದನ್ನು ಮಾಡಿದವರ ಚೀಟಿ ಅಂಟಿಸಿತ್ತು. ಐರ್ಲೆಂಡಿನ ಪಶ್ಚಿಮಕ್ಕಿರುವ ಒಂದು ಸಣ್ಣ ಊರು, ಡೆಸ್ಮಂಡ್ ಅನ್ನುವ ಹೆಸರು. ಮಗಳಿಂದ ಹುಡುಕಿಸಿ ಈಮೇಲು ಬರೆಸಿದೆ. ನಾಲ್ಕನೇ ದಿನ ಉತ್ತರ ಬಂತು. ಅದನ್ನು ಮಾಡಿದವನು ನಾನೇ, ಇನ್ನೂ ಬದುಕಿದ್ದೇನೆ, ತನ್ನಿ, ಮೂರು ದಿನದ ಕೆಲಸ, ಅಂತ ಬರೆದಿದ್ದರು. ಪಾರ್ಸೆಲಿನಲ್ಲಿ ಕಳಿಸಲು ಅಣ್ಣ ಒಪ್ಪಲಿಲ್ಲ. ‘ನೀನೇ ಒತ್ಕೊಂಡೋಗು, ನೀನೇ ಒತ್ಕೊಂಬಾ’ ಅಂದ. ವೀಸಾ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಡಬ್ಲಿನ್, ಶನಿವಾರ

ಮೊದಲ ರಗಳೆ ಬೆಂಗಳೂರಿನಲ್ಲೇ ಆಯಿತು. ಅಣ್ಣನ ಉಕ್ಕಿನ ಸರಳನ್ನು ಜೋಪಾನ ಅಂತ ಕೈಚೀಲದಲ್ಲಿಟ್ಟಿದ್ದೆ. ಒಂದು ತುದಿ ಉರುಟಾಗಿ, ಫಳಫಳ ಹೊಳೆಯುವ, ಕೈಯಲ್ಲಿಟ್ಟರೆ ಭಾರ ಅನ್ನಿಸುವ ಸರಳು. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದು ಏನು ಅಂದಳು. ಗಿಟಾರು ಅಂದೆ. ಇನ್ನಿಬ್ಬರು ಬಂದರು. ಗಿಟಾರು ನುಡಿಸುವುದು ಅಂದೆ. ಹಾಗಾದರೆ ಗಿಟಾರು ಎಲ್ಲಿ ಅಂದರು. ವಿಮಾನದ ಹೊಟ್ಟೆಗೆ ಹೋಗಿದೆ ಅಂದೆ. ಕೊನೆಗೆ ನನ್ನನ್ನು ಹಿಂದಕ್ಕೆ ಕಳಿಸಿದರು, ಕೌಂಟರಿನವರ ಕೈಕಾಲು ಹಿಡಿದು, ಅದನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಬೇರೆ ಹಾಕಿಸಿದ್ದಾಯಿತು.

ಡಬ್ಲಿನ್ನಿನಲ್ಲಿ ಪೆಟ್ಟಿಗೆ ಬಂತು, ಹಿಡಿ ಬಂದಿರಲಿಲ್ಲ. ಮೂವತ್ತು ಕೆಜಿಯ ಪೆಟ್ಟಿಗೆಯನ್ನು ತಬ್ಬಿಕೊಂಡು ಬಸ್ಸಿನ ಜಾಗಕ್ಕೆ ಬಂದೆ. ಮಳೆ ಅಂತಲೂ ಹೇಳಲಾಗದ, ಇಲ್ಲ ಅಂತಲೂ ಹೇಳಲಾಗದ ಒಂದು ಹನಿ ಬೀಳುತ್ತಿತ್ತು. ಆಮೇಲೆ ಹತ್ತು ದಿನವೂ ಅದು ನಿಲ್ಲಲಿಲ್ಲ. ನನ್ನ ಬಸ್ಸು ಬಂತು, ನನ್ನ ಮುಂದೆಯೇ ನಿಧಾನವಾಗಿ ಹೋಯಿತು. ಅಲ್ಲಿ ಸ್ಟಾಪಿನಲ್ಲಿ ನಿಂತಿದ್ದರೂ ಕೈ ಚಾಚಬೇಕಂತೆ. ಚಾಚದಿದ್ದರೆ ಇವನಿಗೆ ನಿಂತಿರುವುದೇ ಇಷ್ಟ ಅಂತ ಡ್ರೈವರು ಹೋಗಿಬಿಡುತ್ತಾನಂತೆ. ನಮ್ಮ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನೀವು ಬೇಡ ಅಂದರೂ ಕಂಡಕ್ಟರು ‘ನರಸೀಪುರ ನರಸೀಪುರ’ ಅಂತ ರಟ್ಟೆ ಹಿಡಿದು ಹತ್ತಿಸುತ್ತಾನೆ. ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆ. ಪಕ್ಕದಲ್ಲಿ ಕಾಯುತ್ತಿದ್ದ ಮುದುಕ ನಾನು ಅವನ ಕಾಲು ತುಳಿದಾಗಲೂ ತಾನೇ ಸಾರಿ ಅಂದ.

ದಾರಿಯುದ್ದಕ್ಕೂ ಹಸಿರು ಹೊಲ, ಕಲ್ಲಿನ ಗೋಡೆ, ಮಳೆಯಲ್ಲಿ ನಿಂತ ದನ. ಜನ ಕಾಣಲಿಲ್ಲ. ನಮ್ಮ ಹಾಸನದ ಪಕ್ಕದ ಸಾಲಗಾಮೆ ಕಡೆ ಹೊಲದಲ್ಲಿ ಒಬ್ಬರಾದರೂ ಬಗ್ಗಿರುತ್ತಾರೆ, ಬದುವಿನ ಮೇಲೆ ಒಬ್ಬರಾದರೂ ಬೀಡಿ ಸೇದುತ್ತ ಕೂತಿರುತ್ತಾರೆ. ಇಲ್ಲಿ ದನಗಳನ್ನು ಯಾರೋ ಬಿಟ್ಟುಹೋದಂತಿತ್ತು. ಅಣ್ಣನಿಗೆ ಫೋನು ಮಾಡಿದೆ. ನನ್ನ ಮಾತು ಅವನಿಗೆ ಮೂರು ಸಲಕ್ಕೆ ಕೇಳಿತು.

ಬ್ರೀಜಮ್ಮನ ಮನೆ, ಭಾನುವಾರ

ಡೆಸ್ಮಂಡ್ ನನಗೆ ಉಳಿದುಕೊಳ್ಳಲು ಗೊತ್ತು ಮಾಡಿದ್ದ ಮನೆ ಬ್ರೀಜ್ ಅನ್ನುವ ಎಪ್ಪತ್ತು ವರ್ಷದ ವಿಧವೆಯದು. ಮನಸ್ಸಿನಲ್ಲಿ ನಾನು ಬ್ರೀಜಮ್ಮ ಅಂತಲೇ ಕರೆಯುತ್ತಿದ್ದೆ. ಒಳ್ಳೆಯ ಹೆಂಗಸು. ಟೀ ಬೇಡ ಅಂದರೆ ಎರಡನೇ ಸಲ ಕೇಳುವಳು, ಬೇಡ ಅಂದರೆ ಮೂರನೇ ಸಲ ಕೇಳದೆಯೇ ತಂದಿಡುವಳು. ಅದೊಂದರಲ್ಲಿ ನಮ್ಮ ಕಡೆಯವಳೇ. ಮೊದಲ ದಿನ ತಟ್ಟೆಯಲ್ಲಿ ಬೇಯಿಸಿದ ಆಲೂಗೆಡ್ಡೆ, ಅದರ ಪಕ್ಕ ಕಿವುಚಿದ ಆಲೂಗೆಡ್ಡೆ, ಅದರ ಪಕ್ಕ ಹುರಿದ ಆಲೂಗೆಡ್ಡೆ ಇಟ್ಟು, ನಿಮ್ಮ ದೇಶದಲ್ಲಿ ಇದು ಬೆಳೆಯುತ್ತದಾ ಅಂದಳು. ನನಗೆ ರೇಗಿತು. ಹಾಸನ ಜಿಲ್ಲೆಯವನಿಗೆ ಕೇಳುವ ಪ್ರಶ್ನೆಯಾ ಇದು? ಅರಕಲಗೂಡಿನಲ್ಲಿ ನಮ್ಮ ಮಾವನವರು ನಲವತ್ತು ವರ್ಷ ಆಲೂಗೆಡ್ಡೆ ಬಿಟ್ಟು ಬೇರೆ ಹಾಕಿದವರಲ್ಲ ಅಂದೆ. ಅವಳು ಚಮಚ ಕೆಳಗಿಟ್ಟು, ಅಂಗಮಾರಿ ಬರುತ್ತದಾ ಅಂದಳು. ಬರುತ್ತದೆ ಅಂದೆ. ಎಲೆ ಕಪ್ಪಗಾಗುವುದನ್ನು ಕೈಯಲ್ಲಿ ತೋರಿಸಿದೆ. ಆ ರೋಗ ಬಿದ್ದು ಅವರ ದೇಶದಲ್ಲಿ ಒಂದು ಕಾಲಕ್ಕೆ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಿದ್ದರಂತೆ. ಆಮೇಲೆ ತನ್ನ ಪಾಲಿನ ಹುರಿದದ್ದನ್ನೂ ನನ್ನ ತಟ್ಟೆಗೆ ಹಾಕಿದಳು.

ಬೆಳಿಗ್ಗೆ ಎದ್ದರೆ ಅಡುಗೆಮನೆಯ ರೇಡಿಯೊದಲ್ಲಿ ಗಂಡಸೊಬ್ಬ ಹೆಸರುಗಳನ್ನು ಓದುತ್ತಿದ್ದ. ಯಾವ ಊರು, ಯಾರ ಮಗ, ಮಣ್ಣು ಎಷ್ಟು ಹೊತ್ತಿಗೆ. ಸುತ್ತಮುತ್ತ ಸತ್ತವರ ಪಟ್ಟಿಯನ್ನು ದಿನವೂ ರೇಡಿಯೊದಲ್ಲಿ ಓದುವುದು ಅಲ್ಲಿನ ಪದ್ಧತಿ. ಬ್ರೀಜಮ್ಮ ಕೈಯಲ್ಲಿ ಟೋಸ್ಟು ಹಿಡಿದುಕೊಂಡು ಪಟ್ಟಿ ಮುಗಿಯುವವರೆಗೂ ಬಾಯಿಗೆ ಇಡದೆ ನಿಲ್ಲುತ್ತಿದ್ದಳು. ನಮ್ಮಲ್ಲಿ ಸರ್ಕಲ್ಲಿನಲ್ಲಿ ಫೋಟೊ ಹಾಕಿ ಫ್ಲೆಕ್ಸು ಕಟ್ಟುತ್ತೇವೆ, ನೋಡದೆ ಹೋಗಲೂ ಬಹುದು. ಕಿವಿಗೆ ಬಿದ್ದದ್ದನ್ನು ಬಿಟ್ಟುಹೋಗಲು ಆಗುವುದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅಣ್ಣನಿಗೆ ಯಾರ ಸಾವಿನ ಸುದ್ದಿಯನ್ನೂ ಕೂಗಿ ಹೇಳಿ ಪ್ರಯೋಜನವಿಲ್ಲ ಅಂತ ಯೋಚನೆ ಬಂತು.

ಡೆಸ್ಮಂಡರ ಕೊಟ್ಟಿಗೆ, ಸೋಮವಾರ

ಡೆಸ್ಮಂಡರಿಗೆ ಎಂಬತ್ತೆರಡು. ಹಿತ್ತಲಿನ ಹಳೆಯ ದನದ ಕೊಟ್ಟಿಗೆಯೇ ಅವರ ವರ್ಕ್‌ಶಾಪು. ಪೆಟ್ಟಿಗೆ ತೆರೆದ ಕೂಡಲೇ ಗಿಟಾರಿನ ಅಂಚನ್ನು ಅಂಗೈಯಲ್ಲಿ ಸವರಿ, ‘ಈ ಮರ ನಮ್ಮ ಚಿಕ್ಕಪ್ಪನ ಮನೆಯ ಮೆಟ್ಟಿಲಿನದು’ ಅಂದರು. ನನಗೆ ಅವರ ಮೇಲೆ ಆಗಲೇ ಪ್ರೀತಿ ಹುಟ್ಟಿತು. ಹಾಗಾಗಿಯೇ ಮುಂದಿನದು ಇನ್ನೂ ಕಷ್ಟವಾಯಿತು.

ಗಿಟಾರನ್ನು ಮಗುಚಿ, ಕೆಳಗಿನ ತಗಡಿನ ಮುಚ್ಚಳ ಬಿಚ್ಚಿದರು. ದೀಪ ಹತ್ತಿರ ಎಳೆದು ಬಗ್ಗಿ ನೋಡಿದರು. ನನ್ನ ಬೆಸುಗೆ ಅಲ್ಲಿತ್ತು. ಗೋಲಿ ಗಾತ್ರದ್ದು, ಕಪ್ಪಗೆ, ಮೇಲೆ ಮೂವತ್ತು ವರ್ಷದ ಧೂಳು ಕೂತು. ಸುತ್ತ ಅವರು ಮಾಡಿದ್ದ ಬೆಸುಗೆಗಳು ಒಂದೊಂದೂ ಅಕ್ಕಿ ಕಾಳಿನಷ್ಟು, ಒಂದೇ ಅಳತೆ, ಒಂದೇ ಹೊಳಪು.

‘ಇದು ಯಾರ ಕೆಲಸ?’ ಅಂದರು. ನಗಲೂ ಇಲ್ಲ, ಬೈಯಲೂ ಇಲ್ಲ.

‘ಯಾರೋ ಹಳ್ಳಿ ಕಡೆ ಮೆಕ್ಯಾನಿಕ್ಕು’ ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಊರೆಲ್ಲ ಕರೆದು ‘ನನ್ ತಮ್ಮನ್ ಬೆಸುಗೆ’ ಅಂತ ಹೇಳಿಕೊಂಡು ತಿರುಗಿದವನು ಅಣ್ಣ. ನಾನು ಸಾವಿರಾರು ಮೈಲಿ ದಾಟಿ ಹೋಗಿ ಅದನ್ನು ನನ್ನದಲ್ಲ ಅಂದೆ.

ಡೆಸ್ಮಂಡ್ ತಲೆಯಾಡಿಸಿದರು. ಪಾಪ, ಹಾಗಾದರೆ ನಿಮ್ಮ ಅಣ್ಣ ಇಷ್ಟು ವರ್ಷ ಅರ್ಧ ದನಿಯಲ್ಲಿ ನುಡಿಸಿದ್ದಾರೆ ಅಂದರು. ಪಿಕಪ್ಪು ಸುತ್ತುವುದಷ್ಟೇ ಆದರೆ ಬುಧವಾರಕ್ಕೆ ಮುಗಿಯುತ್ತದೆ. ಆದರೆ ಇದನ್ನು ಹೀಗೇ ಬಿಟ್ಟು ಕಳಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಳಗಿನ ವೈರನ್ನೆಲ್ಲ ಬದಲಿಸಿ ಹೊಸ ಸ್ವಿಚ್ಚು ಹಾಕಿಕೊಡುತ್ತೇನೆ, ಅದು ನನ್ನ ಕಡೆಯಿಂದ, ಅಂದರು. ಸ್ವಿಚ್ಚು ಬೇರೆ ಊರಿನಿಂದ ಬರಬೇಕು, ಒಟ್ಟು ಮುಂದಿನ ಸೋಮವಾರಕ್ಕೆ ಸಿದ್ಧವಾಗುತ್ತದೆ. ಅಣ್ಣನ ಕಿವಿಗೆ ಅಷ್ಟು ದಿನವಿಲ್ಲದೆ ಇರಬಹುದು ಅಂತ ನಾನು ಹೇಳಲಿಲ್ಲ.

ಆಮೇಲೆ ಅವರೇ ಕೇಳಿದರು, ‘ಕೆಲವು ಸ್ವಿಚ್ಚಿಗೆ ನಡುವೆ ಇನ್ನೊಂದು ಜಾಗ ಇರುತ್ತದೆ, ಅಲ್ಲಿಟ್ಟರೆ ಎರಡು ಕತ್ತೂ ಒಟ್ಟಿಗೆ ಕೇಳುತ್ತವೆ. ಅದು ಬೇಕಾ? ಸಾಮಾನ್ಯವಾಗಿ ಯಾರೂ ಬಳಸುವುದಿಲ್ಲ. ಮುಟ್ಟದ ತಂತಿಗಳು ಸುಮ್ಮನೆ ಗುಂಯ್ಗುಡುತ್ತವೆ.’

ಬೇಕು ಅನ್ನಬೇಕಿತ್ತು. ಬೇಕು ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಆ ಗೋಲಿಯ ಕತೆ ಬರುತ್ತದೆ. ಕತೆ ಬಂದರೆ ನಾನು ಸುಳ್ಳ ಅಂತ ಗೊತ್ತಾಗುತ್ತದೆ.

‘ಬೇಡ’ ಅಂದೆ.

ಅವರು ಕಟಿಂಗ್ ಪ್ಲೇಯರು ತೆಗೆದುಕೊಂಡು ಆ ಬೆಸುಗೆಯನ್ನು ಕತ್ತರಿಸಿದರು. ಅದು ಟಿಣ್ ಅಂತ ತಗಡಿನ ಡಬ್ಬಿಗೆ ಬಿತ್ತು. ಮೂವತ್ತು ವರ್ಷ ಅಣ್ಣ ನುಡಿಸಿದ್ದು ತಪ್ಪು ದನಿ, ಈಗ ಕೊನೆಗಾದರೂ ಸರಿಯಾದ ದನಿ ಕೇಳಲಿ ಅಂತ ನನಗೆ ನಾನೇ ಹೇಳಿಕೊಂಡೆ. ಆ ಮಾತಿಗೆ ನಾನೇ ತಲೆದೂಗಿದೆ ಕೂಡ.

ಬ್ರೀಜಮ್ಮನ ಹಿತ್ತಲು, ಗುರುವಾರ

ಪಿಕಪ್ಪು ಸುತ್ತಿ ಮುಗಿದಿತ್ತು. ಡೆಸ್ಮಂಡ್ ಬೆಳಿಗ್ಗೆ ಅದನ್ನು ತಾತ್ಕಾಲಿಕವಾಗಿ ಜೋಡಿಸಿ ನುಡಿಸಿ ತೋರಿಸಿದ್ದರು. ಎಂಥ ದನಿ. ಸೋಸಿದ ತುಪ್ಪದ ಹಾಗೆ, ಒಂದು ಕಸವಿಲ್ಲ. ಒಂದೊಂದು ಸ್ವರವೂ ಹುಟ್ಟಿ, ಬೆಳೆದು, ತಾನೇ ತಾನಾಗಿ ಮುಗಿಯುತ್ತಿತ್ತು. ಅದರ ಹಿಂದೆ ಏನೂ ಇರಲಿಲ್ಲ.

ಮಧ್ಯಾಹ್ನ ಹಿತ್ತಲಿನಲ್ಲಿ ನಿಂತು ಊರಿಗೆ ಫೋನು ಮಾಡಿದೆ. ಅತ್ತಿಗೆ ಎತ್ತಿದರು.

‘ದಿನಾ ದಿನಕ್ಕೆ ಇಳೀತಾ ಅದೆ ಕಣಪ್ಪಾ’ ಅಂದರು. ‘ಪಾತ್ರೆ ಬಿದ್ರೂ ತಿರುಗಲ್ಲ. ಬುಧವಾರ ಒರಡ್ತಾನೆ, ಇವತ್ತು ಬತ್ತಾನೆ ಅಂತ ಬಾಗ್ಲಲ್ಲೇ ಕೂತವ್ರೆ. ಯಾಕಪ್ಪ ಇನ್ನೂ ಒಂಟಿಲ್ಲ?’

ಸ್ವಲ್ಪ ಕೆಲಸ ಜಾಸ್ತಿಯಾಯಿತು ಅಂದೆ. ಫೋನನ್ನು ಅಣ್ಣನ ಕಿವಿಗೆ ಹಿಡಿದರು. ನಾನು ಕೂಗಿದೆ. ಆಚೆ ಬೇಲಿಯ ದನ ಕತ್ತೆತ್ತಿ ನೋಡಿದವು.

‘ಸರ್ಯಾಯ್ತಾ?’ ಅಂದ ಅಣ್ಣ.

‘ಆಯ್ತು.’

‘ಏನಂದೆ?’

‘ಆಯ್ತು ಕಣಣ್ಣಾ.’

‘ಇಂದ್ಗಡೆ ಅಳ್ತಾ ಅದಾ?’

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಕೇಳಿಸಲಿಲ್ಲವೇನೋ ಅಂತ ಅವನು ಇನ್ನೊಂದು ಸಲ ಕೇಳಿದ. ಕಿವಿ ಹೋಗುತ್ತಿರುವವರು ಹಾಗೆಯೇ, ಎದುರಿನವನಿಗೂ ಕೇಳಿಸುತ್ತಿಲ್ಲ ಅಂದುಕೊಂಡು ಜೋರು ಮಾಡುತ್ತಾರೆ.

‘ಅಳ್ತಾ ಅದೆ’ ಅಂತ ಕೂಗಿದೆ.

ಅದೊಂದು ಅವನಿಗೆ ಒಂದೇ ಸಲಕ್ಕೆ ಕೇಳಿಸಿತು.

ಭಾನುವಾರದ ಡ್ಯಾನ್ಸು

ಆ ಕಡೆ ಭಾನುವಾರ ಮಧ್ಯಾಹ್ನ ಹೋಟೆಲಿನ ಹಾಲಿನಲ್ಲಿ ವಯಸ್ಸಾದವರು ಸೇರಿ ಡ್ಯಾನ್ಸು ಮಾಡುತ್ತಾರೆ. ಬ್ರೀಜಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ಬೆಳಿಗ್ಗೆ ಅತ್ತಿಗೆ ಫೋನು ಮಾಡಿದ್ದರು. ನಿನ್ನೆಯಿಂದ ಅಣ್ಣನಿಗೆ ಏನೂ ಕೇಳುತ್ತಿಲ್ಲ, ಕಿವಿಯ ಪಕ್ಕ ಚಪ್ಪಾಳೆ ತಟ್ಟಿದರೂ ಇಲ್ಲ ಅಂದಿದ್ದರು. ನಾನು ಬ್ರೀಜಮ್ಮನಿಗೆ ಹೇಳಿರಲಿಲ್ಲ. ಅವಳು ಕೆಂಪು ಕಾರ್ಡಿಗನ್ ಹಾಕಿಕೊಂಡು ಸಂತೋಷವಾಗಿ ಹೊರಟಿದ್ದಳು.

ಎಪ್ಪತ್ತು ಎಂಬತ್ತು ವರ್ಷದ ಗಂಡ ಹೆಂಡಿರು, ಗಂಡ ಸತ್ತವರು, ಹೆಂಡತಿ ಸತ್ತವರು, ಯಾರ ಕೈ ಸಿಕ್ಕಿತೋ ಅವರ ಕೈ ಹಿಡಿದು ಒಂದು ಮಾತಿಲ್ಲದೆ ಗಡಿಯಾರದ ಮುಳ್ಳಿನ ಹಾಗೆ ಹಾಲಿನ ಸುತ್ತ ತಿರುಗುತ್ತಿದ್ದರು. ನಗು ಕೂಡ ಇಲ್ಲ. ಹಾಡು ಮುಗಿದರೆ ಕೈ ಬಿಟ್ಟು ಗೋಡೆಯ ಪಕ್ಕ ಕುರ್ಚಿಗೆ ಹೋಗಿ ಕೂರುವರು. ವೇದಿಕೆಯಲ್ಲಿ ಒಬ್ಬ ಇದೇ ಥರದ ಎರಡು ಕತ್ತಿನ ಗಿಟಾರು ನುಡಿಸುತ್ತಿದ್ದ. ಹತ್ತಿರದ ಕತ್ತಿನಿಂದ ದೂರದ ಕತ್ತಿಗೆ ಹೋಗುವಾಗ ಸ್ವಿಚ್ಚನ್ನು ಟಕ್ ಅನ್ನಿಸುವನು. ಒಂದು ಸಾಯುವುದು, ಇನ್ನೊಂದು ಹುಟ್ಟುವುದು. ಬಹಳ ಚೆನ್ನಾಗಿ ನುಡಿಸಿದ. ಡೆಸ್ಮಂಡರ ಗಿಟಾರಿನದೇ ದನಿ.

ಅದನ್ನು ಕೇಳುತ್ತ ಕೂತಾಗ ನನಗೆ ಸಂಕಟ ಶುರುವಾಯಿತು. ಅಷ್ಟು ಚೆನ್ನಾಗಿ ನುಡಿಸಿದವನು ಯಾರು ಬೇಕಾದರೂ ಆಗಬಹುದಿತ್ತು. ಕಣ್ಣು ಮುಚ್ಚಿದರೆ ಅವನ ಮುಖ ಬರಲಿಲ್ಲ, ಯಾರ ಮುಖವೂ ಬರಲಿಲ್ಲ. ನಮ್ಮ ಛತ್ರಗಳಲ್ಲಿ ನಾನು ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರೂ ಒಂದು ತಂತಿ ಮಿಡಿದರೆ ಸಾಕು, ಅಣ್ಣ ಶುರು ಮಾಡಿದ ಅಂತ ಗೊತ್ತಾಗುತ್ತಿತ್ತು. ಆ ಗುರುತು ಇದ್ದದ್ದು ನನ್ನ ಹೊಲಸು ಬೆಸುಗೆಯಲ್ಲಿ. ನಾನು ಅದನ್ನು ನನ್ನದಲ್ಲ ಅಂದೆ, ಕತ್ತರಿಸುವುದನ್ನು ನಿಂತು ನೋಡಿದೆ, ಬೇಕಾ ಅಂತ ಕೇಳಿದರೂ ಬೇಡ ಅಂದೆ. ಅಳು ಬಂತು. ಅತ್ತೆ. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ, ನೋಡದಿರುವುದು ಅವರ ಮರ್ಯಾದೆ. ಬ್ರೀಜಮ್ಮ ಮಾತ್ರ ಒಂದು ಕಪ್ ಟೀ ತಂದಿಟ್ಟು ಪಕ್ಕದಲ್ಲಿ ಕೂತಳು. ಬೇಡ ಅಂದೆ, ಅಲ್ಲೇ ಬಿಟ್ಟಳು.

ಮತ್ತೆ ಕೊಟ್ಟಿಗೆ, ಸೋಮವಾರ

ನಾನು ಹೋಗುವ ಹೊತ್ತಿಗೆ ಡೆಸ್ಮಂಡ್ ಗಿಟಾರಿನ ಕಾಲು ಬಿಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿ, ಹೊಸ ಚರ್ಮದ ಹಿಡಿಯನ್ನೂ ಹಾಕಿದ್ದರು. ಡಬ್ಲಿನ್ನಿನ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು.

‘ಆ ಬೆಸುಗೆ ಹಾಕಿದ್ದು ನಾನು’ ಅಂದೆ.

ಅವರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಕೆಳಗಿಟ್ಟರು. ನಾನು ನನ್ನ ಹರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಚನ್ನರಾಯಪಟ್ಟಣದ ಆರತಕ್ಷತೆ, ತಂಬೂರಿ ಮಾಡಿಕೊಂಡ ದೂರದ ಕತ್ತು, ಹಿಂದೆ ಯಾರೋ ಅಳುತ್ತಾರೆ ಅಂದ ಜನ, ಗುರುವಾರ ಕೂಗಿದ ಸುಳ್ಳು, ಶನಿವಾರ ಮುಚ್ಚಿಹೋದ ಕಿವಿ.

‘ಹೋದ ಸೋಮವಾರವೇ ಹೇಳಿದ್ದರೆ ಬುಧವಾರ ನೀವು ವಿಮಾನದಲ್ಲಿರುತ್ತಿದ್ದಿರಿ’ ಅಂದರು.

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದರು. ಆ ಲೆಕ್ಕವನ್ನು ನಾನು ಆಗಲೇ ಮಾಡಿದ್ದೆ. ಗುರುವಾರ ರಾತ್ರಿಯೊಳಗೆ ಹೊಳೇನರಸೀಪುರದಲ್ಲಿ ಇರುತ್ತಿದ್ದೆ, ಅಣ್ಣನಿಗೆ ಶುಕ್ರವಾರ ಇಡೀ ದಿನ ಇತ್ತು.

ಅವರು ಗೋಡೆಯ ಮೊಳೆಗೆ ನೇತುಹಾಕಿದ್ದ ಕೆಂಪು ವೈರಿನ ಸುರುಳಿಯಿಂದ ಎರಡು ಇಂಚು ಕತ್ತರಿಸಿ, ಎರಡೂ ತುದಿಯ ಸಿಪ್ಪೆ ಸುಲಿದು ನನ್ನ ಶರ್ಟಿನ ಜೇಬಿಗೆ ಹಾಕಿದರು. ಸ್ವಿಚ್ಚಿನ ಈ ಕಾಲಿಗೂ ಆ ಕಾಲಿಗೂ ಇದನ್ನು ಹಾಕಿದರೆ ಸಾಕು, ಸ್ವಿಚ್ಚು ಇದ್ದೂ ಇಲ್ಲದಂತೆ, ಅಂತ ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು. ‘ನಾನು ಹಾಕಿದರೆ ಅದು ನನ್ನದಾಗುತ್ತದೆ. ನೀವೇ ಹಾಕಿ.’

ಹೊರಗೆ ಬಂದಾಗ ಪೆಟ್ಟಿಗೆಯ ಒಂದು ಕಡೆ ಅವರೂ ಹಿಡಿದುಕೊಂಡರು. ರಸ್ತೆಯವರೆಗೂ ಇಬ್ಬರೂ ಹೊತ್ತೆವು. ಬಸ್ಸು ಬಂದಾಗ ಅವರೇ ಕೈ ಚಾಚಿದರು.

ಹೊಳೇನರಸೀಪುರ

ಅಣ್ಣ ಬಾಗಿಲಲ್ಲೇ ಕೂತಿದ್ದ. ನಾನು ಆಟೊದಿಂದ ಪೆಟ್ಟಿಗೆ ಇಳಿಸುವ ಸದ್ದಿಗೆ ತಿರುಗಲಿಲ್ಲ. ಅತ್ತಿಗೆ ಹೆಗಲು ಮುಟ್ಟಿದ ಮೇಲೆ ನೋಡಿದ. ‘ಸಣ್ಣಗಾಗಿದೀಯ ಕಣ್ಲಾ’ ಅಂದ. ತನ್ನ ದನಿ ತನಗೆ ಕೇಳದ್ದರಿಂದ ಬೀದಿಗೆಲ್ಲ ಕೇಳುವಂತೆ ಹೇಳಿದ.

ನಡುಮನೆಯಲ್ಲಿ ಗಿಟಾರು ನಿಲ್ಲಿಸಿದೆವು. ಡೆಸ್ಮಂಡ್ ದೂರದ ಕತ್ತಿಗೆ ತಮ್ಮ ಕಡೆಯ ಶ್ರುತಿ ಕೂರಿಸಿದ್ದರು. ಅದನ್ನು ಅಣ್ಣನ ಷಡ್ಜ ಪಂಚಮಕ್ಕೆ ತರಬೇಕಿತ್ತು. ಹತ್ತು ತಂತಿಯನ್ನೂ ನಾನು ಮೊಬೈಲಿನಲ್ಲಿ ಶ್ರುತಿ ತೋರಿಸುವ ಮುಳ್ಳು ನೋಡಿಕೊಂಡು ತಿರುಗಿಸಿದೆ. ಮುಳ್ಳು ನಡುವೆ ಬಂದು ನಿಂತಾಗಲೆಲ್ಲ ಅಣ್ಣ ತಲೆಯಾಡಿಸುತ್ತಿದ್ದ. ಆಂಪ್ಲಿಫೈಯರು ಹಾಕಿದೆ. ಅವನು ಕೂತು, ಸರಳನ್ನು ಸೆರಗಿನಲ್ಲಿ ಒರೆಸಿಕೊಡುವಂತೆ ಅತ್ತಿಗೆಯ ಕಡೆ ಚಾಚಿದ. ಯಾವಾಗಲೂ ಹಾಗೆಯೇ. ಅತ್ತಿಗೆ ಒರೆಸಿ ಕೊಟ್ಟರು.

ಹತ್ತಿರದ ಕತ್ತು ಮೀಟಿದ. ನೆನಪಿನಿಂದಲೇ ಸರಳು ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಹೋಟೆಲಿನ ಹಾಲಿನಲ್ಲಿ ಕೇಳಿದ ಅದೇ ಸೋಸಿದ ದನಿ ನಮ್ಮ ನಡುಮನೆಯಲ್ಲಿ ತುಂಬಿತು. ಅಣ್ಣ ಕೈಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

‘ಎಂಗದೆ?’ ಅಂದ.

ಚೆನ್ನಾಗಿದೆ ಅಂತ ಕೈ ಮಾಡಿದೆ.

‘ಇಂದ್ಗಡೆ ಅಳ್ತಾ ಅದಾ?’

ಹೂಂ ಅಂದುಬಿಡಬಹುದಿತ್ತು. ಅವನಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ನಾನು ಇಲ್ಲ ಅಂತ ತಲೆಯಾಡಿಸಿದೆ.

ಅವನು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನು ಚೀಲದಿಂದ ಬೆಸುಗೆ ಹಾಕುವ ಕಡ್ಡಿ ತೆಗೆದು ಪ್ಲಗ್ಗಿಗೆ ಹಾಕಿದೆ. ಚಾಪೆಯ ಮೇಲೆ ಮಲಗಿ, ಚನ್ನರಾಯಪಟ್ಟಣದಲ್ಲಿ ತೂರಿದ ಹಾಗೆಯೇ ಗಿಟಾರಿನ ಕೆಳಗೆ ತೂರಿ, ಮುಚ್ಚಳ ಬಿಚ್ಚಿದೆ. ಡೆಸ್ಮಂಡರ ಕೆಲಸ ನೋಡಲು ಎಷ್ಟು ಅಂದವಾಗಿತ್ತು. ಅದರ ಮಧ್ಯೆ ಜೇಬಿನ ಕೆಂಪು ವೈರನ್ನು ಇಟ್ಟು ಬೆಸುಗೆ ಹಾಕಿದೆ. ಸೀಸ ಜಾಸ್ತಿ ಬಿತ್ತು, ಮತ್ತೆ ಗೋಲಿಯೇ ಆಯಿತು. ಮೇಲಿನಿಂದ ಅಣ್ಣನ ದನಿ ಕೇಳಿತು.

‘ನೋಡಮ್ಮಿ, ನನ್ ತಮ್ಮ ಬೆಸುಗೆ ಆಕ್ತಾ ಅವ್ನೆ.’

ನಾನು ಕೆಳಗೇ ಸ್ವಲ್ಪ ಹೊತ್ತು ಮಲಗಿದ್ದೆ. ಎದ್ದು ಕೂತು, ನುಡಿಸು ಅಂತ ಕೈ ಮಾಡಿದೆ. ಅಣ್ಣ ಮೀಟಿದ. ಮೊದಲು ದನಿ ಅರ್ಧಕ್ಕೆ ಇಳಿದದ್ದು ಗೊತ್ತಾಯಿತು. ಆಂಪ್ಲಿಫೈಯರು ಏರಿಸಿದೆ. ಆಗ ಯಾರೂ ಮುಟ್ಟದ ಕಡೆಯಿಂದ, ಒಂದು ಕ್ಷಣ ತಡವಾಗಿ, ಅದು ಸಣ್ಣಗೆ ಶುರುವಾಯಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಅಣ್ಣ ಒಂದು ತಂತಿಯನ್ನು ಮೀಟಿ, ದೂರದ ಕತ್ತಿನ ತಂತಿಯ ಮೇಲೆ ಉಗುರಿಟ್ಟು ನೋಡಿದ. ಉಗುರಿಗೆ ತಗುಲಿ ಅದು ಜುಮುಗುಟ್ಟಿತು. ಬೆಸುಗೆ ಇರಲಿ ಬಿಡಲಿ ಆ ತಂತಿ ನಡುಗಿಯೇ ನಡುಗುತ್ತದೆ, ಬೆಸುಗೆ ಬೇಕಿರುವುದು ಅದನ್ನು ಕೇಳಿಸಲಿಕ್ಕೆ ಮಾತ್ರ. ಅದು ಅಣ್ಣನಿಗೂ ಗೊತ್ತು. ಅದಕ್ಕೇ ಉಗುರನ್ನು ನಂಬದೆ ನನ್ನ ಕಡೆ ತಿರುಗಿದ.

‘ಅಳ್ತಾ ಅದಾ?’

ಹೂಂ ಅಂತ ತಲೆಯಾಡಿಸಿದೆ. ಈ ಸಲ ಅದು ಸುಳ್ಳಾಗಿರಲಿಲ್ಲ.

‘ಸರಿ ಅಂಗಾರೆ’ ಅಂದ. ‘ನಾನ್ ನುಡುಸ್ತೀನಿ. ನೀನೇ ಕೇಳ್ಕೊ.’

ಸರಳು ಎತ್ತಿಕೊಂಡು ಹಾಡನ್ನು ಮೊದಲಿನಿಂದ ಶುರು ಮಾಡಿದ. ನಾನು ಚಾಪೆಯ ಮೇಲೆ ಕೂತು ಕೇಳಿದೆ.